ಗೊಂಬೆಗೊಂದು ರಜಾಯಿ

ನಗರ ಬಸ್ ನಿಲ್ದಾಣದಲ್ಲಿ ಕೂತಿದ್ದ ಪ್ರೇಮಲೀಲಾ ಪಕ್ಕಕ್ಕೆ ತಿರುಗಿ ನೋಡಿದರು. ಪಕ್ಕದ ಬೆಂಚಿನಲ್ಲಿ ದೇವಿರಮ್ಮ ಎಂಬಾಕೆ ಚೀಲದಿಂದ ಅಂಗೈಯಗಲದ ರಜಾಯಿ ತೆಗೆದು ಜೊತೆಗೆ ಬಂದಿದ್ದ ಗೆಳತಿಗೆ ತೋರಿಸುತ್ತಿದ್ದರು.

“ಲಾಸ್ಯಂಗೆ ರಜಾಯಿ ಹೊಲ್ದಾಗ ಮಿಕ್ಕಿದ್ದ ಹತ್ತಿ ಕಣೆ. ಇದು ಅವಳ ಗೊಂಬೆಗೆ.”

“ಮಗೂನ ನಿನ್ ತಂಗಿ ವಾಪಸ್ ಕರ್ಕೊಂಡೋದ್ಲಲ್ಲ?”

“ಹೆತ್ತೋಳು, ಕರ್ಕೊಂಡೋದ್ಲು. ನಾಲ್ಕು ವರ್ಷ ಸಾಕಿದ್ದು ನಾನು. ಈಗ ಸುಮ್ನೆ ನೋಡಕ್ಕೋದ್ರೆ ಮುಖ ಸಿಂಡರಿಸ್ತಾಳೆ.”

“ಯಾಕಂತೆ?”

“ಮಗು ಇನ್ನೂ ನನ್ನೇ ಅಮ್ಮ ಅಂತ ಕೂಗ್ತದೆ.”

“ಚೀಲದಲ್ಲಿ ಇನ್ನೂ ಹತ್ತಿ ಅದೆಯಲ್ಲ?”

“ಮುಂದಿನ ತಿಂಗಳು ಗೊಂಬೆಗೆ ದಿಂಬು. ಆಮೇಲೆ ಹಾಸಿಗೆ.”

“ಎಲ್ಲಾ ಒಂದೇ ಸಲ ಹೊಲ್ದು ಕೊಟ್ಬುಡು.”

“ಕೊಟ್ಬುಟ್ರೆ ಆಮೇಲೆ ಯಾವ ನೆಪ ಹೇಳ್ಕೊಂಡು ಹೋಗ್ಲಿ?”

ರಾಜೀವನಗರದ ಬಸ್ಸು ಬಂತು. ಗೆಳತಿ ಹತ್ತಿಯ ಚೀಲ ಎತ್ತಿಕೊಂಡು ದೇವಿರಮ್ಮನ ಹಿಂದೆ ಬಸ್ಸೇರಿದರು.