ನೂರ ನಲವತ್ನಾಲ್ಕರ ಹೊಲಿಗೆ

...ಅಯ್ಯೋ, ಆ ಪೆಟ್ಟಿಗೆ ಅಲ್ಲೇ ಇಡೇ! ಅಜ್ಜಿ ಮಾತು ಒಂಚೂರು ಕೇಳು. ಹೊಸ ಮಾನಿಟರ್‌ ಅಂಗಡಿಗೆ ವಾಪಸ್ ಕೊಟ್ಟುಬಿಟ್ಟರೆ ನಾಳೆ ಮಧ್ಯಾಹ್ನದಿಂದ ನಾನು... ನಾನೇನಿಲ್ಲ, ನಿನ್ನ ಗತಿ ಏನು ಅಂತ ಕೇಳಿದೆ. ಆ ಕಾರಿನ ಆಟ ಇಲ್ಲದೆ ನಿನಗೆ ಸಂಜೆ ಕಳೆಯುತ್ತಾ?

ಚಿತ್ರ ತಡೆತಡೆದು ಬರುತ್ತೆ, ಅದಕ್ಕೇ ಸೋಲ್ತಿದ್ದೀನಿ ಅಂತೀಯ. ಇರಬಹುದಪ್ಪ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ... ಯಾಕೆ ಗುರಾಯಿಸ್ತೀಯ? ತಮಾಷೆಗೆ ಅಂದೆ ಕಣೇ!

ಇಲ್ಲಿ ಬಾ, ನನ್ನ ಹೊಲಿಗೆ ಮಿಷನ್ ನೋಡು. ಈ ಗುಂಡಿ ಅತ್ತ ತಿರುಗಿಸಿದರೆ ಹೊಲಿಗೆ ದೂರ ದೂರ ಬೀಳುತ್ತೆ. ನೇರ ಅಂಚಿಗೆ ಪರವಾಗಿಲ್ಲ. ಕತ್ತಿನ ತಿರುವಿಗೆ ಬಂತೋ, ಮುರುಕು ಮುರುಕು! ಇತ್ತ ತಿರುಗಿಸು, ಒತ್ತೊತ್ತಾಗಿ ಬಿದ್ದು ಬಳ್ಳಿ ಹಬ್ಬಿದ ಹಾಗೆ ಹೋಗುತ್ತೆ. ನಿನ್ನ ಪರದೆನೂ ಅಷ್ಟೇ. ಸೆಕೆಂಡಿಗೆ ಅರವತ್ತು ಸಲ ಚಿತ್ರ ಹಾಕಿದರೆ ಒಂಥರಾ, ನೂರ ನಲವತ್ನಾಲ್ಕು ಸಲ ಹಾಕಿದರೆ ಅದರ ಚೆಂದವೇ ಬೇರೆ. ವಸ್ತು ಒಳ್ಳೇದೇ. ಗುಂಡಿ ಅರವತ್ತಕ್ಕೆ ಇಳಿಸಿದ್ದಾರೆ... ಇಳಿದಿರಬಹುದು! ಅಂದಾಜಿಗೆ ಹೇಳಿದೆ.

ನನಗೆ ಯಾರು ಹೇಳಿದರು ಅಂದ್ರೆ? ರೇಡಿಯೋ. ರೇಡಿಯೋದಲ್ಲಿ ಏನೇನೋ ಬರುತ್ತೆ!

ನಗಬೇಡ, ತಂತಿ ಸಿಕ್ಕಿಸು. ಹಾಂ. ಖಾಲಿ ಜಾಗದಲ್ಲಿ ಮೌಸಿನ ಬಲಗಡೆ ಒತ್ತು. ಡಿಸ್‌ಪ್ಲೇ. ಕೆಳಗೆ ಹೋಗು... ಇನ್ನೂ ಕೆಳಗೆ... ಅಲ್ಲ ಕಣೇ, ಅದು ಬಣ್ಣದ್ದು! ಅದರ ಕೆಳಗೆ, ಅಡ್ವಾನ್ಸ್ಡ್ ಅಂತ. ನೋಡು, ಅರವತ್ತು! ನಾನು ಹೇಳಲಿಲ್ಲವಾ? ನೂರ ನಲವತ್ನಾಲ್ಕು ಮಾಡು. ಹೀಗೇ ಇರಲಾ ಅಂತ ಕೇಳುತ್ತೆ, ಬೇಗ ಹೂಂ ಅನ್ನು, ಇಲ್ಲಾಂದ್ರೆ ಹಳೇದಕ್ಕೇ ಜಾರಿಕೊಳ್ಳುತ್ತೆ. ಮೊದಲ ಸಲ ನಾನೂ... ನಾನೂ ನೋಡಿದ ಹಾಗೆ ಎಲ್ಲಾ ಯಂತ್ರಗಳಿಗೂ ಮರೆವು ಜಾಸ್ತಿ.

ಈಗ ಆಟ ಹಾಕು. ಆಹಾ! ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ! ಆ ಪೆಟ್ಟಿಗೆ ಅಟ್ಟಕ್ಕೆ ಎಸೆ.

ಏನು ಬೆರಳು ತೋರಿಸ್ತಿದ್ದೀಯ? ಗೆದ್ದವರ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿರೋ ಹೆಸರಾ? "ಹಲ್ಲಿಲ್ಲದ ಹುಲಿ". ಓ, ನಿನ್ನನ್ನ ಸೋಲಿಸಿದವರು ಇವರೇನಾ? ಯಾರೋ ಪುಣ್ಯಾತ್ಮರು... ಯಾಕೆ ನನ್ನ ಬಾಯಿ ನೋಡ್ತೀಯ? ಈ ಲೋಕದಲ್ಲಿ ಹಲ್ಲಿಲ್ಲದವಳು ನಾನೊಬ್ಬಳೇನಾ?



ಬೈಯೋದಾದ್ರೆ ಬೈಯಿ. ಹೀಗೆ ಕಣ್ಣು ಮಿಟುಕಿಸದೆ ನೋಡಬೇಡ... ಅರವತ್ತಕ್ಕೆ ಇಳಿಸಿದ್ದು ಯಾರು ಅಂತಾನಾದ್ರೂ ಕೇಳು...

ಅಲ್ಲ, ನೀನು ಮನೆಗೆ ಬರೋ ಹೊತ್ತಿಗೆ ಇಳಿಸಿಡದೇ ಇದ್ದಿದ್ರೆ ನನ್ನ ಹೆಸರು ಅಷ್ಟು ಮೇಲೆ ಉಳೀತಿತ್ತಾ? ನಿನ್ನದು ಎಳೇ ಕೈ, ನನ್ನದು ಸೂಜಿಗೆ ದಾರ ಪೋಣಿಸೋಕೂ ನಡುಗೋ ಕೈ!

ಆಯ್ತು, ಆಯ್ತು. ಸರಿ ಆ ಕಡೆ, ಕುರ್ಚಿ ಬಿಡು. ಮೂರನೇ ತಿರುವಿನಲ್ಲಿ ಬ್ರೇಕ್ ಮುಟ್ಟಬಾರದು ಕಣೇ! ದಿನಾ ಸಂಜೆ ನೀನು ಮುಟ್ಟೋದನ್ನ ಬಾಗಿಲ ಸಂದಿಯಿಂದ ನೋಡ್ತಾ, ಇಲ್ಲದ ಹಲ್ಲು ಕಚ್ಚಿಕೊಂಡು ನಿಂತಿದ್ದೀನಿ.