ಮೇಷ್ಟ್ರು ಬರೆದ ದೇಶ

ಶಿವಮೊಗ್ಗ ಸ್ಟೇಷನ್ನಿನಲ್ಲಿ ಭದ್ರಾವತಿಯ ರೈಲಿಗೆ ಕಾದು ಕೂತಿದ್ದ ಕಬ್ಬಿಣದ ಕಾರ್ಖಾನೆಯ ಕರಿಯಣ್ಣನಿಗೆ, ಪಕ್ಕದ ಬೆಂಚಿನ ಗಂಡ ಹೆಂಡತಿಯ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಗಂಡ ಯಾವುದೋ ಶಾಲೆಯ ಮೇಷ್ಟ್ರು. ತಾವು ಬರೆದು ಮುಗಿಸಿದ ಕಾದಂಬರಿಯ ಗಂಟನ್ನು ತಟ್ಟುತ್ತ ಹೇಳುತ್ತಿದ್ದರು:

“ನಮ್ಮ ಉಪನಿಷತ್ತು, ಆ ಗ್ರೀಕರ ತತ್ತ್ವ, ಎರಡನ್ನೂ ಬೆರೆಸಿ ಕಟ್ಟಿದ ದೇಶ ಕಣೇ ಇದು. ಅಲ್ಲಿ ಮೇಲು ಕೀಳು ಅನ್ನೋದೇ ಇಲ್ಲ.”

“ಹೆಂಗಸರಿಗೂ?”

“ಹೆಂಗಸರಿಗೂ. ಹೆಂಡತಿ ಗಂಡನ್ನ ಹೆಸರು ಹಿಡಿದೇ ಕರೀತಾಳೆ.”

“ಅಯ್ಯೋ! ಗಂಡನ ಆಯಸ್ಸಿನ ಗತಿ?”

“ಅಲ್ಲಿ ಎಲ್ಲರೂ ನೂರು ವರ್ಷ ಬದುಕ್ತಾರೆ.”

ಅಷ್ಟರಲ್ಲಿ ರೈಲು ಬಂತು. ಮೇಷ್ಟ್ರು ಟ್ರಂಕು ಎತ್ತಿಕೊಂಡು ಜನರ ನಡುವೆ ನುಗ್ಗಿಬಿಟ್ಟರು. ಗಂಟು ಬೆಂಚಿನ ಮೇಲೇ ಉಳಿಯಿತು.

“ರೀ! ರೀ, ಇಲ್ಲಿ ನೋಡಿ!”

ಕರಿಯಣ್ಣನೂ ಸೇರಿದಂತೆ ಅಲ್ಲಿದ್ದ ಗಂಡಸರೆಲ್ಲ ತಿರುಗಿದರು, ಮೇಷ್ಟ್ರೊಬ್ಬರನ್ನು ಬಿಟ್ಟು.

“ಯಜ್ಞನಾರಾಯಣಾ!”

ಮೇಷ್ಟ್ರು ನಿಂತಲ್ಲೇ ನಿಂತರು. ಆಮೇಲೆ ಓಡಿ ಬಂದು ಪಿಸುಗುಟ್ಟಿದರು:

“ಏನೇ ಇದು, ನಾಲ್ಕು ಜನರ ಎದುರಿಗೆ! ನನ್ನ ಮರ್ಯಾದೆ ಏನಾಗಬೇಕು?”

ಆಕೆ ಗಂಟನ್ನು ಅವರ ಕೈಗಿಟ್ಟರು.

“ತಗೊಳ್ಳಿ. ನಿಮ್ಮ ದೇಶಾನ ಬೆಂಚಿನ ಮೇಲೇ ಬಿಟ್ಟು ಹೊರಟಿದ್ರಿ.”

ಹಾಗೆಂದವರೇ ಸೆರಗು ಹೊದ್ದು ಹೆಂಗಸರ ಡಬ್ಬಿಯ ಕಡೆ ನಡೆದರು.