ಗುಲ್ನಾರಮ್ಮನ ಮಡಿಲು

ಹಿರೇಬೆಂಡಿಗೇರಿಯಲ್ಲಿ ಮಧ್ಯಾಹ್ನ ಹಿಡಿದ ಮಳೆ ದೀಪ ಹಚ್ಚುವ ಹೊತ್ತಾದರೂ ಬಿಟ್ಟಿರಲಿಲ್ಲ. ಕರೆಂಟು ಹೋಗಿತ್ತು. ಏಳು ತಿಂಗಳ ಬಸುರಿ ಶ್ವೇತಾ ಪಡಸಾಲೆಯ ಗೋಡೆಗೆ ಒರಗಿದ್ದಳು. ಅವಳ ಅತ್ತೆ ವೀರವ್ವ, ಪಕ್ಕದ ಮನೆಯ ಹೇಮಾ ಶೇಂಗಾ ಸುಲಿಯುತ್ತಿದ್ದರು. ರಸ್ತೆಯಲ್ಲಿ ಕಲ್ಲು ತುಂಬಿದ ಟಿಪ್ಪರೊಂದು ಹಾದುಹೋಯಿತು. ಒಳಗೆ ತಾಟುಗಳು ಗಲಗಲ ಎಂದವು. ವೀರವ್ವ ದಿಗ್ಗನೆದ್ದು ಸೊಸೆಯ ರಟ್ಟೆ ಹಿಡಿದು ಬಾಗಿಲಿಗೆ ಎಳೆದುಕೊಂಡು ಬಂದಳು.

"ಯಾಕ್ರಿ ಅತ್ತಿ, ಟಿಪ್ಪರ್ ಹೋತಲ್ರಿ!" ಶ್ವೇತಾಗೆ ನಗು ಬಂತು. ಅತ್ತೆ ರಟ್ಟೆ ಬಿಡದೆ ಮಾಡಿನ ತೊಲೆಗಳನ್ನೇ ನೋಡುತ್ತಿದ್ದುದನ್ನು ಕಂಡು ನಗು ನಿಂತಿತು.

"ಕುಂದ್ರು, ಹೇಳ್ತೇನಿ. ಹೇಮಾ, ನೀನೂ ಕೇಳು... ಶ್ವೇತಾ, ನಿನ್ನ ಗಂಡ, ನಮ್ಮ ಬಸವೇಶ, ಹುಟ್ಟಿದ್ದು ಎಲ್ಲಿ ಗೊತ್ತೈತೇನ? ಗುಜರಾತಿನ ಕಛ್‌ನಾಗ. ನಿಮ್ಮ ಮಾವ ರಸ್ತೆ ಕೆಲಸಕ್ಕ ಹೋಗಿದ್ರು, ನಾನೂ ಬೆನ್ನ ಹತ್ತಿದ್ದೆ. ಬಾಡಿಗಿ ಹಿಡದದ್ದು ಗುಲ್ನಾರಮ್ಮನ ಕಲ್ಲಿನ ಮನಿ... ಮುದುಕಿ, ಒಬ್ಬಾಕಿನ, ಹಿಂದಿಲ್ಲ ಮುಂದಿಲ್ಲ. ಆಕಿ ಮಾತು ನನಗ ತಿಳೀತಿರಲಿಲ್ಲ, ನನ್ನ ಮಾತು ಆಕೀಗೆ ತಿಳೀತಿರಲಿಲ್ಲ, ಆದ್ರೂ ನನ್ನ ಬಾಣಂತನ ಮಾಡಿದಾಕಿ ಆಕೀನ. ಹಡದವ್ವನೂ ಅಷ್ಟು ಮಾಡೂದಿಲ್ಲ...

"ಜನವರಿ ಇಪ್ಪತ್ತಾರು, ಮುಂಜಾನೆ. ಕೂಸು ಒಳಗ ಮಲಗಿತ್ತು, ಮಗ್ಗಲಾಗ ಗುಲ್ನಾರಮ್ಮ ಕುಂತಿದ್ಲು. ನಾ ಅಂಗಳದಾಗ ಅರಿವಿ ಒಗ್ಯಾಕತ್ತಿದ್ದೆ. ನೆಲದ ಒಳಗಿಂದ ಸಪ್ಪಳ ಬಂತು... ನೂರು ಲಾರಿ ಒಮ್ಮೆಲೆ ಬಂದಂಗ. ಏನಿದು ಅನ್ನೂದ್ರಾಗ ನೆಲ ನನ್ನನ್ನ ಮ್ಯಾಲಕ್ಕ ಒಗೀತು, ಬಿದ್ದೆ, ಏಳಾಕ ಹ್ವಾದ್ರ ಅತ್ತಾಗ ಇತ್ತಾಗ ಜಾಡಿಸ್ತು, ಜರಡಿಯೊಳಗಿನ ಕಾಳು ನೋಡೀರಲ್ಲ, ಹಂಗ... ಬಾಗಲಾ ಅಗದೀ ಮುಂದ ಐತಿ, ತೆವಳಿದ್ರೂ ಮುಟ್ಟಾಕ ಆಗವಲ್ದು. ಕಣ್ಣ ಮುಂದ ಮನಿ ಕುಸೀತು. ಒಳಗ ನನ್ನ ಕೂಸು! ನನ್ನ ಜೀವ ಹೆಂಗಾಗಿರಬೇಕು, ಹೇಳ್ರಿ?"

ಶ್ವೇತಾಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

"ಧೂಳು ಸರೀತು... ನೋಡ್ತೇನಿ, ಓಣಿ ನಡುವ ಗುಲ್ನಾರಮ್ಮ ಕುಂತಾಳ! ಮಡಿಲಾಗ ಕೂಸು, ತರಚಿದ ಗಾಯಾನೂ ಇಲ್ಲ. ನನ್ನ ಕೈಯಾಗ ಕೊಟ್ಲು. ಭೂಮಿ ಮತ್ತ ಮತ್ತ ನಡಗಾಕತ್ತಿತ್ತು, ನಡಗಿದಾಗೊಮ್ಮೆ ನಮ್ಮಿಬ್ಬರನ್ನೂ ತಲಿ ಮ್ಯಾಲೆ ಹೊದ್ದ ಓಢಣಿಯಾಗ ಮುಚ್ಚಿ ಅವಚಿಕೊಳ್ಳಾಕಿ. ಮೈ ಮಾತ್ರ ತಣ್ಣಗ... ಹೆದರಿಕಿಗೆ ಇರಬೇಕು ಅಂದ್ಕೊಂಡೆ. ಸಂಜೀಕ ನಿಮ್ಮ ಮಾವ ಹುಡುಕ್ಕೋತ ಬಂದ್ರು, ಮಂದಿ ಕೂಡಿ ಕಲ್ಲು ತೆಗದ್ರು. ತೊಲಿ ಕೆಳಗ ಒಂದು ಹೆಣ ಸಿಕ್ತು. ಯಾರದಂತೀರಿ?... ಗುಲ್ನಾರಮ್ಮಂದು! ಎರಡೂ ಕೈ ಕೂಸು ಎತ್ತಿಕೊಂಡಂಗ ಮಡಚಿದ್ವು. ತಿರುಗಿ ನೋಡಿದ್ರ... ನನ್ನ ಮಗ್ಗಲಾಗ ಯಾರೂ ಇಲ್ಲ."

ಹೇಮಾ ಶೇಂಗಾ ಸುಲಿಯುವುದನ್ನು ಮರೆತು ಕುಳಿತಿದ್ದಳು.

"ಊರಿಗೆ ಹೊರಡೂ ಮುಂದ ಆಕಿ ಗೋರಿ ಹಂತೇಕ ನಿಂತು ಅಂದೆ... 'ಅವ್ವಾ, ಇಲ್ಲಿ ನಿನಗ ಯಾರದಾರ? ನಮ್ಮ ಕೂಡ ಬಾ.' ಬಾಯಿ ತುಂಬ ಕರದೆ, ಶ್ವೇತಾ."

"ಬಂದ್ಲೇನ್ರಿ ಅತ್ತಿ?" ಶ್ವೇತಾಳ ದನಿ ಸಣ್ಣಗಾಗಿತ್ತು.

ವೀರವ್ವ ಸೊಸೆಯ ಮುಂಗುರುಳು ಹಿಂದಕ್ಕೆ ಸರಿಸಿದಳು.

"ಮೊನ್ನೆ ರಾತ್ರಿ ನೀ ನನಗ, 'ಮಧ್ಯಾಹ್ನ ನಿದ್ದಿಗಣ್ಣಾಗ ಇದ್ದಾಗ ಕಾಲ ಒತ್ತಿದ್ರಲ್ಲ, ಭಾಳ ಆರಾಮಾತ್ರಿ ಅತ್ತಿ' ಅಂತ ಹೇಳಿದಿ. ನೀ ಹೆದರಬಾರದು ಅಂತ ಸುಮ್ನ ಹೂಂ ಅಂದೆ... ಅವತ್ತ ನಾ ಮುಂಜಾನಿನ ಶಿಗ್ಗಾಂವಿ ಸಂತಿಗೆ ಹೋದಾಕಿ, ಬಂದದ್ದ ಹೊತ್ತು ಮುಣುಗಿದ ಮ್ಯಾಲ ಅಲ್ಲೇನವ್ವಾ?"